ಅಳಿವಿನಂಚು ಬಡಾವಣೆ

ಪ್ರಾದೇಶಿಕ ನಿಸರ್ಗ ಸಂರಕ್ಷಣಾ ಕಚೇರಿಯಲ್ಲಿ ಸಸ್ಯಶಾಸ್ತ್ರಜ್ಞರ ಹುದ್ದೆ ಒಂದೇ ಒಂದಿತ್ತು. ಆ ಹುದ್ದೆಗೆ ಸಸ್ಯಶಾಸ್ತ್ರ ಓದಿದವರನ್ನೇ ನೇಮಿಸಲಾಗಿತ್ತು. ಇದು ಹೇಗಾಯಿತೆಂದು ಆಮೇಲೆ ವಿಚಾರಣೆ ನಡೆಯಿತಾದರೂ ಯಾರ ಮೇಲೂ ತಪ್ಪು ಹೊರಿಸಲು ಆಗಲಿಲ್ಲ. ಉಳಿದ ಹುದ್ದೆಗಳೆಲ್ಲ ಕ್ರಮಬದ್ಧವಾಗಿಯೇ ಇದ್ದವು. ವನ್ಯಜೀವಿ ವಿಭಾಗವನ್ನು ವಾಣಿಜ್ಯ ಓದಿದವರು ನೋಡಿಕೊಳ್ಳುತ್ತಿದ್ದರು. ಕೆರೆ ಮತ್ತು ಹಳ್ಳಗಳ ವಿಭಾಗದ ಮುಖ್ಯಸ್ಥರಿಗೆ ನೀರು ಕಂಡರೆ ಭಯವಿತ್ತು, ಹಾಗಾಗಿ ಅವರ ಅವಧಿಯಲ್ಲಿ ಯಾವ ಕೆರೆಗೂ ಅವರಿಂದ ತೊಂದರೆಯಾಗಲಿಲ್ಲ. ನಿರ್ದೇಶಕರಂತೂ ವ್ಯಾಕರಣದಲ್ಲಿ ಚಿನ್ನದ ಪದಕ ಪಡೆದವರು.

ಸಸ್ಯಶಾಸ್ತ್ರಜ್ಞರನ್ನು ಕಚೇರಿಯಲ್ಲಿ ಎಲ್ಲರೂ ಸೊಪ್ಪು ಸಾಹೇಬರು ಅನ್ನುತ್ತಿದ್ದರು. ಹಿಂದಿನಿಂದ ಅನ್ನುವಷ್ಟು ಮುಜುಗರ ಯಾರಿಗೂ ಇರಲಿಲ್ಲ, ಎದುರಿಗೇ ಅನ್ನುತ್ತಿದ್ದರು. ಅವರ ಕೋಣೆ ಮೆಟ್ಟಿಲ ಕೆಳಗಿತ್ತು. ಯಾರಾದರೂ ಮೇಲಿನ ಮಹಡಿಗೆ ಹತ್ತಿದರೆ ಅವರ ಮೇಜಿನ ಮೇಲೆ ಸುಣ್ಣದ ಪುಡಿ ಉದುರುತ್ತಿತ್ತು. ಮೂಲೆಯ ಕಬ್ಬಿಣದ ಬೀರುವಿನಲ್ಲಿ ಹಳೆಯ ಪತ್ರಿಕೆಗಳ ಹಾಳೆಗಳ ನಡುವೆ ಒಣಗಿಸಿಟ್ಟ ಗಿಡಗಳು, ಪ್ರತಿಯೊಂದಕ್ಕೂ ಒಂದು ಚೀಟಿ. ಬಂದವರು ಕೇಳುತ್ತಿದ್ದದ್ದು ಹೆಚ್ಚಾಗಿ ಒಂದೇ ಪ್ರಶ್ನೆ: "ಸಾರ್, ಕೂದಲು ಉದುರೋದಕ್ಕೆ ಯಾವ ಸೊಪ್ಪು ಒಳ್ಳೇದು?" ಸಾಹೇಬರ ತಲೆ ನೋಡಿದ ಮೇಲೂ ಕೇಳುತ್ತಿದ್ದರಲ್ಲ, ಆ ನಂಬಿಕೆ ದೊಡ್ಡದು.

ಈ ಮನುಷ್ಯನ ಇಡೀ ವೃತ್ತಿಜೀವನ ಒಂದು ಗಿಡದ ಸುತ್ತ ಸುತ್ತಿತು. ಊರಿನ ಹೊರಗೆ ಕಲ್ಲುಬಂಡೆಯ ಒಂದು ಇಳಿಜಾರಿದೆ. ಮೇಲಿನ ಸಮತಟ್ಟು ನೆಲ ಹೀರಿಕೊಂಡ ಮಳೆನೀರು ಬಂಡೆಯ ಬಿರುಕುಗಳಲ್ಲಿ ವರ್ಷವಿಡೀ ಸದ್ದಿಲ್ಲದೆ ಜಿನುಗುತ್ತಿತ್ತು. ಆ ತೇವದಲ್ಲಿ ಹೆಬ್ಬೆರಳಿನಷ್ಟು ಎತ್ತರದ ಗಿಡ, ತುದಿಯಲ್ಲಿ ಒಂದೇ ನೀಲಿ ಹೂವು. ಬೆಳಗ್ಗೆ ಅರಳುವುದು, ಬಿಸಿಲೇರಿದರೆ ಮುನಿಸಿಕೊಂಡಂತೆ ಮುಖ ತಗ್ಗಿಸುವುದು. ಬೇರೆಲ್ಲೂ ಅದು ಬೆಳೆಯುತ್ತಿರಲಿಲ್ಲ. ಕಿತ್ತು ಕುಂಡದಲ್ಲಿಟ್ಟರೆ ಮಾರನೆಯ ದಿನ ಕುಂಡ ಮಾತ್ರ ಇರುತ್ತಿತ್ತು.

ಮದುವೆಯಾದ ಹೊಸದರಲ್ಲಿ ಸಾಹೇಬರು ಹೆಂಡತಿಯನ್ನು ಕರೆದುಕೊಂಡು ಹೋಗಿ ಅದನ್ನು ತೋರಿಸಿದ್ದರು. ಆಕೆ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು, ಸುಲಭಕ್ಕೆ ಬೆರಗಾಗುವ ಪೈಕಿಯಲ್ಲ. ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು.

"ಭಾನುವಾರನೂ ಮನೇಲಿ ನಿಲ್ಲದೆ ನೀವು ಓಡಿ ಬರೋದು ಇವಳಿಗೋಸ್ಕರನಾ?"

"ಹೂಂ."

"ನನಗಿಂತ ಚೆನ್ನಾಗಿದಾಳಾ?"

ಸಾಹೇಬರು ಹೂವನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದರು.

"ಅಯ್ಯೋ, ಯೋಚನೆ ಬೇರೆ ಮಾಡ್ತಿದೀರಲ್ರೀ!"

ಅವತ್ತಿನಿಂದ ಅದು ಸವತಿ ಗಿಡವಾಯಿತು. ಬೇರೆ ಹೆಸರು ಯಾರೂ ಇಟ್ಟಿರದ ಕಾರಣ ಸಾಹೇಬರು ತಮ್ಮ ವರದಿಯಲ್ಲೂ, ಸ್ಥಳೀಯ ನಾಮಧೇಯ ಎಂಬಲ್ಲಿ, 'ಸವತಿ' ಎಂದೇ ಬರೆದರು. ದಪ್ಪನೆಯ ವರದಿ ಅದು. ಬೇರು, ಎಲೆ, ಬೀಜ, ನೀರಿನ ಹರಿವು ಎಲ್ಲವೂ ಅದರಲ್ಲಿತ್ತು. ಓದುವವರ ಅನುಕೂಲಕ್ಕೆಂದು ಕೊನೆಯಲ್ಲಿ ಒಂದು ಸಾಲಿನ ಸಾರಾಂಶ ಕೊಟ್ಟಿದ್ದರು: 'ಈ ಸಸ್ಯವು ಅಳಿವಿನಂಚಿನಲ್ಲಿದೆ.' ಕಚೇರಿ ಸಾರಾಂಶವನ್ನಷ್ಟೇ ಓದಿತು. ಅನಾಹುತಕ್ಕೆ ಅಷ್ಟು ಸಾಕಾಯಿತು.

ವರದಿ ಹಲವು ವರ್ಷ ಮಹಡಿಯಿಂದ ಮಹಡಿಗೆ ಪ್ರವಾಸ ಮಾಡಿ, ಭೂಮಾಪನ ಶಾಖೆಯ ಒಂದು ಆಕ್ಷೇಪಣೆಯನ್ನು ಬೆನ್ನಿಗೆ ಹಚ್ಚಿಕೊಂಡು ಮರಳಿತು. 'ಸದರಿ ಅಳಿವಿನಂಚು ಎಲ್ಲಿದೆ? ಚತುಸ್ಸೀಮೆ ತಿಳಿಸುವುದು.'

ಸಾಹೇಬರು ಮೊದಲು ನಕ್ಕರು. ಆಮೇಲೆ ವರದಿ ಹಿಡಿದುಕೊಂಡು ನಿರ್ದೇಶಕರ ಕೋಣೆಗೆ ಹೋದರು. ನಿರ್ದೇಶಕರು ನಗಲಿಲ್ಲ.

"ನೋಡಿ, ನೀವು ಬರೆದಿರೋದು 'ಅಂಚಿನಲ್ಲಿದೆ' ಅಂತ. 'ಅಲ್ಲಿ' ಅಂದ್ರೆ ಯಾವ ವಿಭಕ್ತಿ?"

"ಸಪ್ತಮಿ, ಸಾರ್."

"ಸಪ್ತಮಿ ಅಂದ್ರೆ?"

"ಅಧಿಕರಣ. ಸ್ಥಳ ಸೂಚಿಸುತ್ತೆ. ಆದ್ರೆ ಸಾರ್, ಇದು ಹಾಗೆ ಸುಮ್ನೆ ಹೇಳೋ ಮಾತು. ನಾಶ ಆಗೋ ಸ್ಥಿತೀಲಿದೆ ಅಂತ ಅರ್ಥ."

"'ಸ್ಥಿತೀಲಿ.' ನೋಡಿ, ಮತ್ತೆ ಸಪ್ತಮೀನೇ ಬಂತು. ಸಪ್ತಮಿ ಇದ್ದ ಮೇಲೆ ಜಾಗ ಇರಲೇಬೇಕು ಸಾಹೇಬ್ರೇ. ಇಲ್ಲಾಂದ್ರೆ ವಿಭಕ್ತಿ ಪ್ರತ್ಯಯಕ್ಕೆ ಅವಮಾನ."

ಸಾಹೇಬರು ಹಟ ಹಿಡಿಯಲಿಲ್ಲ. ಅವರಿಗೆ ಬೇಕಾದದ್ದು ಗಿಡ ಉಳಿಯುವುದು. ಹಾಗಿದ್ದರೆ ಆ ಸಾಲು ಹೊಡೆದುಹಾಕಿ 'ಗಿಡ ಅಳಿಯುತ್ತಿದೆ' ಎಂದು ತಿದ್ದುತ್ತೇನೆ ಅಂದರು. ನಿರ್ದೇಶಕರು ಕನ್ನಡಕ ತೆಗೆದು ಒರೆಸಿಕೊಂಡರು. ಅವರ ದನಿಯಲ್ಲಿ ನಿಜವಾದ ಕಳಕಳಿ ಇತ್ತು.

"ಆ ತಪ್ಪು ಮಾತ್ರ ಮಾಡ್ಬೇಡಿ. 'ಅಳಿಯುತ್ತಿದೆ' ವರ್ತಮಾನ ಕಾಲ. ಕಡತ ಮೇಲೆ ಹೋಗಿ ಕೆಳಗೆ ಬರೋ ಹೊತ್ತಿಗೆ ಅದು ಭೂತಕಾಲ ಆಗಿರುತ್ತೆ. ಭೂತಕಾಲದ ಗಿಡಕ್ಕೆ ಬೇಲಿ ಮಂಜೂರು ಮಾಡೋದಕ್ಕೆ ಬರಲ್ಲ. ನಿಯಮ ಏಳು ಓದಿದೀರಾ?"

ನಿಯಮ ಏಳನ್ನು ನಿರ್ದೇಶಕರೇ ರಚಿಸಿದ್ದರು; ಸಪ್ತಮಿಗೆ ಏಳೇ ಸರಿ ಎಂದು ಆ ಸಂಖ್ಯೆಯನ್ನು ಮೊದಲೇ ಅದಕ್ಕಾಗಿ ಖಾಲಿ ಬಿಟ್ಟಿದ್ದರು. ಅದು ಹೀಗಿತ್ತು: 'ಅಳಿವಿನಂಚಿನಲ್ಲಿರುವ ಸಕಲ ಜೀವಿಗಳೂ ಸಂರಕ್ಷಿತ. ಅವುಗಳನ್ನು ಕೀಳುವುದು, ಮುರಿಯುವುದು, ಮಾರುವುದು ಅಥವಾ ಪರವಾನಗಿಯಿಲ್ಲದೆ ಸ್ಥಳದಿಂದ ಕದಲಿಸುವುದು ನಿಷಿದ್ಧ. ಅವುಗಳ ಸುತ್ತ ಬೇಲಿ ಹಾಕತಕ್ಕದ್ದು ಮತ್ತು ಸಾರ್ವಜನಿಕರಿಗೆ ದೂರದಿಂದ ತೋರಿಸತಕ್ಕದ್ದು.'

ಅಂಚನ್ನು ಅಳೆಯಲು ಭೂಮಾಪಕ ಬಂದ. ಸೊಂಪಾದ ಮೀಸೆ, ಕೈಯಲ್ಲಿ ಸರಪಳಿ. ಸಾಹೇಬರು ಅವನನ್ನು ಇಳಿಜಾರಿಗೆ ಕರೆದೊಯ್ದು ಗಿಡಗಳನ್ನು ತೋರಿಸಿದರು. ಆಗ ಅವು ಬಂಡೆಯ ತುಂಬ ಇದ್ದವು.

"ಗಿಡ ಕಾಣ್ತಿದೆ ಸಾರ್. ಅಂಚು ಎಲ್ಲಿ?"

"ಇವು ಇರೋದೇ ಅಂಚಿನಲ್ಲಿ."

"ಇಲ್ಲಿ ಸರಪಳಿ ನಿಲ್ಲಲ್ಲ ಸಾರ್, ಜಾರುತ್ತೆ. ಸರಪಳಿ ನಿಲ್ಲದ ಕಡೆ ಅಂಚು ಇರೋದಕ್ಕೆ ಸಾಧ್ಯ ಇಲ್ಲ."

ಬಿಸಿಲು ಚುರುಗುಟ್ಟುತ್ತಿತ್ತು. ಮೇಲಿನ ಸಮತಟ್ಟು ನೆಲದಲ್ಲಿ ಒಂದು ಮರವಿತ್ತು, ಮರಕ್ಕೆ ನೆರಳಿತ್ತು. ಭೂಮಾಪಕ ಅಲ್ಲಿಗೆ ಹೋಗಿ ಕೂತು ನೀರು ಕುಡಿದು, ಅಳಿವಿನಂಚು ಅಲ್ಲಿಯೇ ಇದೆಯೆಂದು ಕಂಡುಹಿಡಿದ. ನಾಲ್ಕೂ ಮೂಲೆಗೆ ಕಲ್ಲು ನೆಟ್ಟ. ನಕ್ಷೆಯಲ್ಲಿ 'ಅಳಿವಿನಂಚು' ಎಂದು ಹಸಿರು ಶಾಯಿಯಲ್ಲಿ ಬರೆದ. ಕೆಲಸ ಚೊಕ್ಕಟವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ.

ನಕ್ಷೆ ಕೈಗೆ ಬಂದ ದಿನ ನಿರ್ದೇಶಕರು ಸಾಹೇಬರನ್ನು ಕರೆಸಿ, ಎದ್ದು ನಿಂತು ಕೈ ಕುಲುಕಿದರು. ಗಿಡ ಇರುವುದು ಇಳಿಜಾರಿನಲ್ಲಿ, ಅಂಚು ಇರುವುದು ಮೇಲೆ. ಅಂದರೆ ಗಿಡ ಈಗ ಅಳಿವಿನಂಚಿನ ಹೊರಗಿದೆ.

"ಅಂಚಿನಲ್ಲಿ ಇದ್ದದ್ದು ಅಂಚಿನ ದೆಸೆಯಿಂದ ಹೊರಬಂದಿದೆ! ಸಪ್ತಮಿಯಿಂದ ಪಂಚಮಿಗೆ! ಈ ಕಚೇರಿ ಶುರುವಾದಾಗಿನಿಂದ ಒಂದೇ ಒಂದು ಜೀವಿ ಹೀಗೆ ಪಾರಾಗಿರಲಿಲ್ಲ ಸಾಹೇಬ್ರೇ."

ಸಭೆ ಏರ್ಪಟ್ಟಿತು. ವನ್ಯಜೀವಿ ವಿಭಾಗದವರು ಅಸೂಯೆಯಿಂದ ಚಪ್ಪಾಳೆ ತಟ್ಟಿದರು. ಸಾಹೇಬರಿಗೆ ಬಡ್ತಿಯೂ ಒಂದು ಹಿತ್ತಾಳೆಯ ಫಲಕವೂ ಸಿಕ್ಕಿದವು. ಏನೂ ಬದಲಾಗಿಲ್ಲ, ಗಿಡ ಇದ್ದಲ್ಲೇ ಇದೆ, ಅದಕ್ಕೆ ಬೇಲಿ ಬೇಕು ಎಂದು ಅವರು ಭಾಷಣದಲ್ಲಿ ಹೇಳಿದ್ದನ್ನು ಎಲ್ಲರೂ ವಿನಯವೆಂದು ತಿಳಿದರು. ಮನೆಗೆ ಬಂದಾಗ ಹೆಂಡತಿ ಫಲಕವನ್ನು ತಿರುಗಿಸಿ ಮುರುಗಿಸಿ ನೋಡಿ, "ನನ್ನ ಸವತಿ ಪಾರಾದಳು ಅಂತ ನಿಮಗೆ ಯಾಕೆ ಬಹುಮಾನ?" ಎಂದಳು. ಫಲಕವನ್ನು ಹಿಟ್ಟಿನ ಡಬ್ಬದ ಮುಚ್ಚಳ ಹಾರದಂತೆ ಅದರ ಮೇಲಿಟ್ಟಳು. ಅಲ್ಲಿ ಅದು ಕೊನೆಯವರೆಗೂ ಉಪಯೋಗಕ್ಕೆ ಬಂತು.

ಇತ್ತ ಅಂಚು ಖಾಲಿ ಬಿದ್ದಿತ್ತು. ಸಂರಕ್ಷಣೆಯ ನೆಲ ಬರಿದಾಗಿದ್ದರೆ ಕಚೇರಿಗೆ ಕೆಟ್ಟ ಹೆಸರು. ಮೊದಲು ಅದನ್ನು ಕಾಯಲು ಕಾವಲುಗಾರರು ಬಂದರು. ಕಾವಲುಗಾರರಿಗೆ ಮನೆ ಬೇಕಾಯಿತು, ಮನೆಗೆ ರಸ್ತೆ ಬೇಕಾಯಿತು, ರಸ್ತೆ ಬಂದ ಮೇಲೆ ಇಷ್ಟು ಚೆನ್ನಾದ ರಸ್ತೆಯ ಪಕ್ಕ ಮನೆಗಳೇ ಇಲ್ಲವಲ್ಲ ಎಂದು ನಿರ್ದೇಶಕರಿಗೆ ಬೇಸರವಾಯಿತು. ಕಾಮಗಾರಿಯ ಟೆಂಡರು ನಿರ್ದೇಶಕರ ಅಳಿಯನಿಗೆ ಸಿಕ್ಕಿತು. ಟೆಂಡರು ತೆರೆಯುವ ದಿನ ಮಾತ್ರ ಮಾವ-ಅಳಿಯನ ಸಂಬಂಧವನ್ನು ಅಮಾನತಿನಲ್ಲಿಡಲಾಗಿತ್ತು. ಸಂಜೆ ಅದನ್ನು ಮತ್ತೆ ಊರ್ಜಿತಗೊಳಿಸಲಾಯಿತು. ಬೋರ್ಡು ಬರೆಯುವವನು 'ಅಳಿಯನಂಚು' ಎಂದು ಬರೆದಿದ್ದ. ಓದಿದವರಿಗೆಲ್ಲ ಅದು ಸರಿಯಾಗಿಯೇ ಕಂಡದ್ದರಿಂದ ಬಹಳ ದಿನ ಯಾರೂ ತಿದ್ದಲಿಲ್ಲ.

ಪತ್ರಿಕೆಗಳಲ್ಲಿ ಪ್ರಕಟಣೆ ಬಂತು: 'ಅಳಿವಿನಂಚಿನಲ್ಲಿ ವಾಸಿಸಿ! ಶುದ್ಧ ಗಾಳಿ, ಪ್ರಶಾಂತ ಪರಿಸರ. ತಡಮಾಡಿದರೆ ಅಳಿವಿನಂಚು ನಿಮ್ಮ ಕೈತಪ್ಪೀತು.' ಜನ ಮುಗಿಬಿದ್ದರು. ಅಳಿವಿನಂಚು ಪ್ರಾಥಮಿಕ ಶಾಲೆ ಬಂತು. ಅಳಿವಿನಂಚು ಹಿರಿಯ ನಾಗರಿಕರ ಸಂಘ ಬಂತು, ಅದಕ್ಕೆ ಸದಸ್ಯರೂ ಬಂದರು. ಬಸ್ಸು ಬಂತು. "ಅಳಿವಿನಂಚು, ಅಳಿವಿನಂಚು! ಎಲ್ಲರೂ ಅಲ್ಲಿಗೇ ಹೋಗೋದು, ಯಾಕೆ ನೂಕಾಡ್ತೀರಿ, ಒಳಗೆ ನಡೀರಿ" ಎಂದು ಕಂಡಕ್ಟರು ಬಾಗಿಲಿಗೆ ಬಡಿಯುತ್ತಿದ್ದ. ಅವನ ಮಾತಿನಲ್ಲಿ ತಪ್ಪು ಹುಡುಕಲು ಸಾಹೇಬರಿಗೆ ಆಗುತ್ತಿರಲಿಲ್ಲ.

ಅಳಿಯ ಕೆಲಸದಲ್ಲಿ ಅಚ್ಚುಕಟ್ಟು. ಮನೆಗಳ ತಳಪಾಯಕ್ಕೆ ತೇವ ತಟ್ಟಬಾರದೆಂದು ಸಮತಟ್ಟು ನೆಲದ ಉದ್ದಕ್ಕೂ ಆಳವಾದ ಚರಂಡಿ ತೋಡಿಸಿ ನೀರನ್ನೆಲ್ಲ ಇನ್ನೊಂದು ದಿಕ್ಕಿಗೆ ತಿರುಗಿಸಿದ. ಬಂಡೆ ಒಣಗಿತು. ಮುಂದಿನ ಮಳೆಗಾಲಕ್ಕೆ ಗಿಡಗಳು ಅರ್ಧವಾದವು, ಅದರ ಮುಂದಿನದಕ್ಕೆ ಅಲ್ಲೊಂದು ಇಲ್ಲೊಂದು. ಸಾಹೇಬರು ಊಟ ಬಿಟ್ಟರು. ನಿರ್ದೇಶಕರ ಎದುರು ನಿಂತು, ಜೀವಮಾನದಲ್ಲಿ ಮೊದಲ ಸಲ, ಮೇಜು ಗುದ್ದಿದರು.

"ಸಾರ್, ಈಗ ಅದು ನಿಜವಾಗ್ಲೂ ಅಳಿವಿನಂಚಿನಲ್ಲಿದೆ!"

"ಅದು ಹೇಗೆ ಸಾಧ್ಯ? ಅಂಚಿನಲ್ಲಿ ಒಂದು ಅಂಗುಲ ಜಾಗ ಖಾಲಿ ಇಲ್ಲ. ಬೇಕಿದ್ರೆ ಗಿಡದ ಹೆಸರಲ್ಲಿ ಒಂದು ಅರ್ಜಿ ಹಾಕಿ. ಯಾರಾದ್ರೂ ಮನೆ ಬಿಟ್ಟಾಗ ನೋಡೋಣ."

ಸಾಹೇಬರು ಅರ್ಜಿ ಹಾಕಿದರು. ಮೇಜು ಗುದ್ದಿದ ಕೈ ನೋಯುತ್ತಿದ್ದರಿಂದ ಅಕ್ಷರ ಅಷ್ಟು ಚೆನ್ನಾಗಿ ಬರಲಿಲ್ಲ. ಅರ್ಜಿದಾರರು ಖುದ್ದಾಗಿ ಹಾಜರಾಗಬೇಕೆಂಬ ಷರತ್ತಿಗೆ ಗಿಡ ಒಪ್ಪದೆ ಇದ್ದದ್ದರಿಂದ ಅರ್ಜಿ ವಜಾ ಆಯಿತು.

ಅಷ್ಟರಲ್ಲಿ ಅವರಿಗೆ ನಿವೃತ್ತಿಯಾಯಿತು. ನಿರ್ದೇಶಕರಿಗೆ ಆಗಲಿಲ್ಲ, ಸೇವಾವಧಿ ವಿಸ್ತರಣೆ ಆಗುತ್ತಲೇ ಇದ್ದದ್ದರಿಂದ ಅವರಿಗೆ ವಯಸ್ಸಾಗಲು ಅವಕಾಶವೇ ಸಿಕ್ಕಿರಲಿಲ್ಲ. ಗಿಡವನ್ನು ಪಾರು ಮಾಡಿದ ಸೇವೆಗಾಗಿ ಸಾಹೇಬರಿಗೆ ಅಳಿವಿನಂಚಿನಲ್ಲಿ ಒಂದು ಮನೆ ಕೊಡಲಾಯಿತು. ಬೇಡ ಎಂದು ಕಾಗದ ಬರೆಯಲು ಕೂತವರನ್ನು ಹೆಂಡತಿ ತಡೆದಳು.

"ಕಟ್ಟಕಡೇ ಸಾಲಿನ ಮನೆ ಸಿಕ್ಕಿದ್ರೆ ಹಿತ್ತಿಲ ಕೆಳಗೇ ಬಂಡೆ. ಯೋಚನೆ ಮಾಡಿ."

"ಚರಂಡಿ ನೀರೆಲ್ಲ ಆ ಕಡೆ ಹೋಯ್ತಲ್ಲೇ."

"ಪಾತ್ರೆ ತೊಳೆದ ನೀರು ನಮ್ಮದಲ್ವಾ? ಅಕ್ಕಿ ತೊಳೆದ ನೀರು? ಅದನ್ನೂ ಅಳಿಯನೇ ತಿರುಗಿಸ್ತಾನಾ?"

ಹಾಗೆ ಅವರು ಅಳಿವಿನಂಚಿಗೆ ಮನೆ ಬದಲಾಯಿಸಿದರು. ಇಳಿಜಾರಿನಲ್ಲಿ ಆಗ ಉಳಿದಿದ್ದದ್ದು ಒಂದೇ ಗಿಡ, ಅವರ ಹಿತ್ತಿಲ ಗೋಡೆಯ ಕೆಳಗಿನ ಬಿರುಕಿನಲ್ಲಿ. ದಿನಾ ಬೆಳಗ್ಗೆ ಹೆಂಡತಿ ಸೋಪು ಬೆರೆಸದ ನೀರನ್ನು ಬಕೆಟಿನಲ್ಲಿ ಕೂಡಿಟ್ಟು ಕೊಡುತ್ತಿದ್ದಳು. ಸಾಹೇಬರು ಅದನ್ನು ಬಿರುಕಿಗೆ ಮೇಲಿನಿಂದ ಸಣ್ಣಗೆ, ಜಿನುಗಿದ ಹಾಗೆ ಬಿಡುತ್ತಿದ್ದರು. ಬಡಾವಣೆಯ ಸಂಘ ನೀರು ಪೋಲು ಮಾಡಿದ್ದಕ್ಕೆ ಎರಡು ಸಲ ಎಚ್ಚರಿಕೆ ಕೊಟ್ಟಿತು. ಗಂಡಹೆಂಡಿರು ತಲೆ ಕೆಡಿಸಿಕೊಳ್ಳಲಿಲ್ಲ. ಗಿಡ ಹೂ ಬಿಡಲಿಲ್ಲ, ಆದರೆ ಬದುಕಿತ್ತು. ನಲವತ್ತು ವರ್ಷದ ಸಂಸಾರದಲ್ಲಿ ಇಷ್ಟು ಒಮ್ಮತದಿಂದ ಅವರಿಬ್ಬರೂ ಬೇರೇನನ್ನೂ ಮಾಡಿರಲಿಲ್ಲ.

ಎಲ್ಲ ಹೀಗೆಯೇ ನಡೆದುಕೊಂಡು ಹೋಗುತ್ತಿತ್ತೋ ಏನೋ, ತಪಾಸಣೆಯವರು ಬಾರದಿದ್ದರೆ. ಅವರು ಒಂದು ಸರಳ ಪ್ರಶ್ನೆ ಕೇಳಿದರು: ಅಂಚು ಇದೆ, ನಿಯಮ ಏಳಿದೆ, ಬೇಲಿಯ ಅನುದಾನ ಬಂದಿದೆ, ಬೇಲಿ ಎಲ್ಲಿ, ಸಂರಕ್ಷಿತ ಜೀವಿ ಯಾವುದು? ನಿರ್ದೇಶಕರು ಒಂದು ಕ್ಷಣವೂ ತಬ್ಬಿಬ್ಬಾಗಲಿಲ್ಲ. "ಅಳಿವಿನಂಚಿನಲ್ಲಿ ಯಾರಿದ್ದಾರೋ ಅವರೇ" ಅಂದರು. ವ್ಯಾಕರಣದ ಪ್ರಕಾರ ಈ ಉತ್ತರದಲ್ಲಿ ದೋಷವಿರಲಿಲ್ಲ. ತಿಂಗಳೊಳಗೆ ಅಳಿಯ ಬಡಾವಣೆಯ ಸುತ್ತ ಆಳೆತ್ತರದ ತಂತಿಬೇಲಿ ಹಾಕಿಸಿದ. ನಿವಾಸಿಗಳ ಕುತ್ತಿಗೆಗೆ ತಗಡಿನ ಬಿಲ್ಲೆ ಬಂತು.

ಮೊದಲ ದಿನ ಬಡಾವಣೆಯಲ್ಲಿ ಗದ್ದಲವಾಯಿತು. ಸಂರಕ್ಷಿತ ಜೀವಿಗಳಿಗೆ ಮನೆ ಕಂದಾಯ ಅನ್ವಯಿಸುವುದಿಲ್ಲವೆಂಬ ಸುತ್ತೋಲೆ ಓದಿದ ಮೇಲೆ ಗದ್ದಲ ನಿಂತಿತು. ಸಂಘದ ಅಧ್ಯಕ್ಷರು ತಮ್ಮ ಬಿಲ್ಲೆಗೆ ಹೊಳಪು ಕೊಡಿಸಿಕೊಂಡರು. ಬೇಲಿಯಾಚೆಯ ಪಕ್ಕದ ಬಡಾವಣೆಯವರಂತೂ 'ನಾವೂ ಅಳಿವಿನಂಚಿನಲ್ಲಿದ್ದೇವೆ! ನಮ್ಮನ್ನೂ ಸೇರಿಸಿ!' ಎಂಬ ಫಲಕ ಹಿಡಿದು ಕಚೇರಿಯ ಮುಂದೆ ಧರಣಿ ಕೂತರು. ಅವರದು ಹೊಟ್ಟೆಕಿಚ್ಚು ಎಂದು ಅಳಿವಿನಂಚಿನ ಮೂಲನಿವಾಸಿಗಳು ಖಂಡಿಸಿದರು.

ಸಾರ್ವಜನಿಕರಿಗೆ ದೂರದಿಂದ ತೋರಿಸತಕ್ಕದ್ದು ಎಂದು ನಿಯಮದಲ್ಲಿತ್ತಲ್ಲ. ವೀಕ್ಷಣಾ ಕಟ್ಟೆಯನ್ನು ಎಲ್ಲಿ ಕಟ್ಟುವುದೆಂದು ಹುಡುಕಿದಾಗ, ಯಾವುದಕ್ಕೂ ಉಪಯೋಗವಿಲ್ಲದ, ಯಾವ ಜೀವಿಯೂ ವಾಸವಿಲ್ಲದ ಜಾಗ ಒಂದೇ ಕಂಡಿತು: ಬಂಡೆಯ ಇಳಿಜಾರು.

ಸಾಹೇಬರು ಈಗಲೇ ಹೋಗಿ ತಡೆಯುತ್ತೇನೆಂದು ಚಪ್ಪಲಿ ಮೆಟ್ಟಿ ಹೊರಟರು. ಗೇಟಿನಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ. ಅವನು ಒಳ್ಳೆಯ ಮನುಷ್ಯ.

"ಕ್ಷಮಿಸಿ ಸಾಹೇಬ್ರೇ. ಜೀವೀನ ಜಾಗದಿಂದ ಕದಲಿಸೋದಕ್ಕೆ ಪರವಾನಗಿ ಬೇಕು."

"ನಾನೇ ಕದಲ್ತಿದೀನಲ್ಲಪ್ಪಾ!"

"ಅದಕ್ಕೂ ಬೇಕು ಸಾರ್. ಅಂಗಡಿಗೆ ಹೋಗೋರಿಗೆ ಸಂಘದಿಂದ ಒಟ್ಟಿಗೆ ಮಾಡಿಸಿಕೊಟ್ಟಿದಾರೆ. ಬಂಡೆ ಕಡೆಗೆ ಹೋಗೋದಕ್ಕೆ ಮಾತ್ರ ಸಸ್ಯಶಾಸ್ತ್ರಜ್ಞರ ಶಿಫಾರಸು ಬೇಕಂತೆ."

"ಸಸ್ಯಶಾಸ್ತ್ರಜ್ಞ ನಾನೇ."

"ನೀವು ರಿಟೈರ್ ಆದ್ರಲ್ಲ ಸಾರ್. ಆ ಹುದ್ದೆ ಖಾಲಿ ಇದೆ. ಯಾರಾದ್ರೂ ಬಂದ ತಕ್ಷಣ ನಾನೇ ಬಂದು ಹೇಳ್ತೀನಿ."

ಕಟ್ಟೆ ಎದ್ದಿತು. ಬಿರುಕಿನಿಂದ ಎರಡು ಮಾರು ದೂರದಲ್ಲಿ ನಿಂತಿತು, ಅದೊಂದು ಪುಣ್ಯ. ಬೆಳಗಿನ ಹೊತ್ತು ಜನ ತಂಡ ತಂಡವಾಗಿ ಬರತೊಡಗಿದರು. ಅಕ್ಕಪಕ್ಕದ ಮನೆಯವರು ಆ ಹೊತ್ತಿಗೆ ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಹಿತ್ತಿಲಿಗೆ ಬಂದು, ಏನೋ ಕೆಲಸವಿರುವವರಂತೆ ಓಡಾಡುತ್ತಿದ್ದರು. ಸಾಹೇಬರ ಮನೆಯಲ್ಲಿ ಮಾತ್ರ ಬಕೆಟಿನ ಕೆಲಸ ಎಂದಿನಂತೆ ನಡೆಯುತ್ತಿತ್ತು. ಗೋಡೆಯ ಜಾಗಕ್ಕೆ ಈಗ ಬೇಲಿ ಬಂದಿತ್ತು. ನೀರಿಗೆ ಪರವಾನಗಿ ಬೇಕಿರಲಿಲ್ಲ.

ಒಂದು ದಿನ ಬೆಳಗ್ಗೆ ಹೆಂಡತಿ ಹಿತ್ತಿಲಿನಿಂದ ಕೂಗಿದಳು.

"ರೀ, ಬನ್ನಿ ಬೇಗ! ಸವತಿ ಹೂ ಬಿಟ್ಟಿದಾಳೆ!"

ಹಲ್ಲುಜ್ಜುತ್ತಿದ್ದವರು ಹಾಗೆಯೇ ಓಡಿ ಬಂದರು. ಬಿಟ್ಟಿತ್ತು. ಒಂದೇ ಹೂವು, ಅದೇ ನೀಲಿ. ಗಂಡಹೆಂಡಿರು ಬೇಲಿಗೆ ಮುಖ ಒತ್ತಿ ನೋಡಿದರು. ಸಾಹೇಬರ ಕಣ್ಣಲ್ಲಿ ನೀರು ಬಂತು, ಅದನ್ನು ಮುಚ್ಚಿಟ್ಟುಕೊಳ್ಳುವ ಗೋಜಿಗೆ ಅವರು ಹೋಗಲಿಲ್ಲ. ಈ ಹೂವಿನಿಂದ ಬೀಜವಾದರೆ, ಬೀಜ ಪಕ್ಕದ ಬಿರುಕಿಗೆ ಬಿದ್ದರೆ, ಇನ್ನೊಂದು ಬಕೆಟು ಇಟ್ಟರಾಯಿತು ಎಂದು ಹೆಂಡತಿ ಆಗಲೇ ಲೆಕ್ಕ ಹಾಕುತ್ತಿದ್ದಳು.

"ನನಗಿಂತ ಚೆನ್ನಾಗಿದಾಳೆ ಬಿಡಿ," ಅಂದಳು.

"ಇಲ್ಲ ಕಣೇ," ಅಂದರು ಸಾಹೇಬರು. ಈ ಸಲ ಯೋಚನೆ ಮಾಡಲಿಲ್ಲ.

ಅಷ್ಟರಲ್ಲಿ ಅಂದಿನ ತಂಡ ಕಟ್ಟೆಗೆ ಬಂದು ನಿಂತಿತು. ಕಚೇರಿಯ ವಿವರಣೆಗಾರ್ತಿ ಧ್ವನಿವರ್ಧಕ ಹಿಡಿದು ವಿವರಿಸತೊಡಗಿದಳು. ಬೇಲಿಗೆ ಮುಖ ಒತ್ತಿ ನಿಂತ ವೃದ್ಧ ಜೋಡಿಯನ್ನು ಕಂಡು ಜನಕ್ಕೆ ಖುಷಿಯೋ ಖುಷಿ. ಇನ್ನೂ ಹತ್ತಿರದಿಂದ ಫೋಟೋ ತೆಗೆಯಬೇಕೆಂದು ಒಬ್ಬ ಕಟ್ಟೆಯಿಂದ ಬಂಡೆಗೆ ಇಳಿದ. ದಪ್ಪ ಅಟ್ಟೆಯ ಶೂ ಹಾಕಿದ್ದ. ಒಂದು ಹೆಜ್ಜೆ ಮುಂದಿಟ್ಟ, ಇನ್ನೊಂದು ಹೆಜ್ಜೆ ಇಟ್ಟು ಕಾಲನ್ನು ಗಟ್ಟಿಯಾಗಿ ಊರಿ ನಿಂತ.

"ಕಾಲು ತೆಗೀರಿ!" ಸಾಹೇಬರು ಕಿರುಚಿದರು. "ಕಾಲು ತೆಗೀರಿ, ಅಲ್ಲಿ ಗಿಡ ಇದೆ! ಅದೊಂದೇ ಇರೋದು! ಕಾಲು ತೆಗೀರೋ!" ಬೇಲಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ಹೆಂಡತಿಯೂ ಕೂಗಿದಳು. ತಂತಿ ಗಲಗಲ ಎಂದಿತು. ಅಳಿಯ ಕೆಲಸದಲ್ಲಿ ಅಚ್ಚುಕಟ್ಟು, ಬೇಲಿ ಜಗ್ಗಲಿಲ್ಲ.

ಶೂ ಹಾಕಿದವನು ಗಾಬರಿಯಾಗಿ ವಿವರಣೆಗಾರ್ತಿಯ ಮುಖ ನೋಡಿದ. ಆಕೆ ಪಕ್ಕದ ಬೋರ್ಡಿನ ಕಡೆ ಕೈ ತೋರಿಸಿದಳು. 'ಸಂರಕ್ಷಿತ ಜೀವಿಗಳು ಕೆಲವೊಮ್ಮೆ ಶಬ್ದ ಮಾಡುತ್ತವೆ. ಸಾರ್ವಜನಿಕರು ಉತ್ತರಿಸಕೂಡದು.' ಅವನು ತಪ್ಪೊಪ್ಪಿಕೊಂಡವನಂತೆ ತಲೆಯಾಡಿಸಿ, ಉತ್ತರಿಸದೆ, ನಿಂತಲ್ಲಿಂದಲೇ ನಾಲ್ಕೈದು ಫೋಟೋ ತೆಗೆದುಕೊಂಡ. ಎಲ್ಲದರಲ್ಲೂ ಸಾಹೇಬರು ಬಾಯಿ ತೆರೆದಿದ್ದರು. ಆಮೇಲೆ ಕಟ್ಟೆ ಹತ್ತಿದ.

ಬಿರುಕಿನಲ್ಲಿ ಏನೂ ಕಾಣಲಿಲ್ಲ. ಸಾಹೇಬರು ಬಹಳ ಹೊತ್ತು ಬಗ್ಗಿ ನೋಡುತ್ತಿದ್ದರು. ಪಕ್ಕದ ಹಿತ್ತಿಲಲ್ಲಿ ಸಂಘದ ಅಧ್ಯಕ್ಷರು ಜನರತ್ತ ಕೈ ಬೀಸುತ್ತಿದ್ದರು.

"ಬೇರು ಉಳಿದಿರಬಹುದು," ಅಂದರು ಸಾಹೇಬರು.

"ಇವತ್ತಿನ ನೀರು ಹಾಕಲೋ ಬೇಡ್ವೋ?" ಹೆಂಡತಿ ಕೇಳಿದಳು. ಬಕೆಟು ಆಗಲೇ ಆಕೆಯ ಕೈಯಲ್ಲಿತ್ತು.

"ಹಾಕು."

ಇಬ್ಬರೂ ಸೇರಿ ಬಕೆಟು ಎತ್ತಿ, ತಂತಿಯ ಸಂದಿಯಿಂದ, ಖಾಲಿ ಬಿರುಕಿಗೆ ನೀರನ್ನು ಸಣ್ಣಗೆ ಬಿಟ್ಟರು. ಕಟ್ಟೆಯ ಮೇಲೆ ಎಲ್ಲರೂ ಮೊಬೈಲು ಮೇಲೆತ್ತಿದರು.

"ದಯವಿಟ್ಟು ಗಮನಿಸಿ," ಎಂದಿತು ಧ್ವನಿವರ್ಧಕ. "ಇವು ದಿನಾ ಇದೇ ಹೊತ್ತಿಗೆ ನೀರು ಚೆಲ್ಲುತ್ತವೆ. ಕಾರಣ ಇನ್ನೂ ಪತ್ತೆಯಾಗಿಲ್ಲ."